ಹೆಸರಿಲ್ಲದ ಗುಲಾಬಿ ಗುಳಿಗೆ

ನನ್ನ ಗಂಡ ನಾಸಿಕದ ಬಳಿಯ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಗುಣಮಟ್ಟ ತಪಾಸಣೆ ಮಾಡುವವರು. ಅಲ್ಲಿ ಒಂದು ಸಣ್ಣ ಸ್ಕ್ರೂ ಕೂಡ ತನ್ನ ಕುಲಗೋತ್ರ ಹೇಳಿಕೊಳ್ಳದೆ ವಿಮಾನದೊಳಗೆ ಕಾಲಿಡುವಂತಿಲ್ಲವಂತೆ. ಎಲ್ಲಿ ಹುಟ್ಟಿತು, ಯಾವ ಬ್ಯಾಚಿನದು, ಪರೀಕ್ಷೆ ಮಾಡಿದವರು ಯಾರು, ಎಲ್ಲ ಬೇಕು. ಈ ಶಿಸ್ತು ಕಾರ್ಖಾನೆಯ ಗೇಟಿನಲ್ಲೇ ನಿಂತಿದ್ದರೆ ನಾನು ಸುಖವಾಗಿರುತ್ತಿದ್ದೆ. ಅದು ಸ್ಕೂಟರಿನ ಹಿಂದೆ ಕೂತು ಮನೆಗೂ ಬಂತು. ನಮ್ಮ ಮನೆಯ ಒಂದೊಂದು ಬಲ್ಬಿನ ಮೇಲೂ ಕೊಂಡ ತಾರೀಖನ್ನು ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದಾರೆ. ಗ್ಯಾಸ್ ಪೈಪಿನ ಅವಧಿ ಎಂದು ಮುಗಿಯುತ್ತದೆ ಎಂಬುದು ಅವರಿಗೆ ಬಾಯಿಪಾಠ, ನನ್ನ ಹುಟ್ಟಿದ ದಿನ ಮಾತ್ರ ನೆನಪಿರುವುದಿಲ್ಲ. ಕುಕ್ಕರಿನ ಸೀಟಿ ಸ್ವಲ್ಪ ತಡವಾದರೆ ಎದ್ದು ಬಂದು ಅದರ ರಬ್ಬರನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ. ಬ್ರೆಡ್ಡಿನ ಕವರನ್ನು ಹಿಂದೆ ಮುಂದೆ ಓದದೆ ಒಂದು ತುಂಡನ್ನೂ ಬಾಯಿಗಿಡುವವರಲ್ಲ.

ಇಂಥ ಮನುಷ್ಯ ಪಂಚವಟಿಯ ನಮ್ಮ ಡಾಕ್ಟರ ಮುಂದೆ ಕೂತರೆ ಮಾತ್ರ ಹಸುಗೂಸು. ಡಾಕ್ಟರು ಪ್ಲಾಸ್ಟಿಕ್ ಡಬ್ಬಿಗಳಿಂದ ಬಿಡಿ ಗುಳಿಗೆಗಳನ್ನು ಅಂಗೈಗೆ ಸುರಿದುಕೊಂಡು, ಗುಲಾಬಿಯದೊಂದು, ಬಿಳಿಯದೊಂದು, ಇನ್ಯಾವುದೋ ಅರ್ಧ ಕತ್ತರಿಸಿದ್ದೊಂದು ಎಂದು ಹಂಚಿ, ಕಾಗದದಲ್ಲಿ ಪೊಟ್ಟಣ ಕಟ್ಟಿಕೊಡುತ್ತಿದ್ದರು. ಆ ಗುಳಿಗೆಗಳಿಗೆ ಹೆಸರಿಲ್ಲ, ಕಂಪನಿ ಇಲ್ಲ, ಅವಧಿ ಮುಗಿಯುವ ತಾರೀಖಿಲ್ಲ. ನನ್ನ ಗಂಡ ಮನೆಗೆ ಬಂದು ಮೂರನ್ನೂ ಒಟ್ಟಿಗೆ ಬಾಯಿಗೆಸೆದುಕೊಂಡು, ನೀರು ಕುಡಿದು, "ಭಾಳ ಚಲೋ ಡಾಕ್ಟರು" ಎನ್ನುತ್ತಿದ್ದರು.

ಚಲೋ ಎನ್ನುವುದಕ್ಕೆ ಕಾರಣ ಒಂದೇ. ಅವರು ನಮ್ಮ ಕಡೆಯವರು. ನಮ್ಮ ಜನ ವರ್ಗವಾಗಿ ಪರ ಊರಿಗೆ ಬಂದರೆ ಬಾಡಿಗೆ ಮನೆಗಿಂತ ಮೊದಲು ಕನ್ನಡದ ಡಾಕ್ಟರನ್ನು ಹುಡುಕುತ್ತಾರೆ. ನಾನು ಬ್ಯಾಂಕಿನವಳು; ನಾಸಿಕಕ್ಕೆ ಬಂದ ವಾರದಲ್ಲೇ ಇನ್ನೊಂದು ಶಾಖೆಯ ಧಾರವಾಡದವರೊಬ್ಬರು ಈ ಡಾಕ್ಟರ ವಿಳಾಸವನ್ನು ಗುಟ್ಟಿನಂತೆ ಪಿಸುಗುಟ್ಟಿದ್ದರು. ಅವರು ಓದಿದ್ದು ಎಲ್ಲಿ, ಪದವಿ ಯಾವುದು ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಊರು ಯಾವುದು ಎಂದು ಎಲ್ಲರೂ ಕೇಳಿದ್ದರು. ಬಾಗಲಕೋಟೆ ಕಡೆ ಎಂದು ಗೊತ್ತಾದ ಮೇಲೆ ಬೇರೆ ಪರೀಕ್ಷೆ ಏಕೆ? ನಮ್ಮ ಜೊತೆಗೇ ಇರುವ ನನ್ನ ಅವ್ವನ ತವರೂರು ಅಲ್ಲಿಂದ ಹತ್ತಿರವೇ. ಅವ್ವನಿಗೂ ಡಾಕ್ಟರಿಗೂ ಪರಿಚಯದ ಯಾರೋ ಒಬ್ಬ ಮಾಸ್ತರರು ಸಿಕ್ಕಿಬಿಟ್ಟರು, ಅಲ್ಲಿಗೆ ವೈದ್ಯಕೀಯ ಮಂಡಳಿಯ ಮುದ್ರೆಯೇ ಬಿದ್ದ ಹಾಗಾಯಿತು.

ದವಾಖಾನೆ ಇದ್ದದ್ದು ಗೋದಾವರಿ ಕಡೆಗೆ ಇಳಿಯುವ ಒಂದು ಗಲ್ಲಿಯಲ್ಲಿ, ಪೂಜಾ ಸಾಮಾನಿನ ಅಂಗಡಿಗೂ ಪಾತ್ರೆ ಅಂಗಡಿಗೂ ನಡುವೆ. ಚಪ್ಪಲಿ ಹೊರಗೆ ಬಿಡಬೇಕು. ಸ್ವಚ್ಛತೆಯ ಆ ನಿಯಮವೊಂದು ಬಹಳ ಕಟ್ಟುನಿಟ್ಟು. ಒಳಗೆ ಕೈ ತೊಳೆಯುವ ಬೇಸಿನ್ ಕೂಡ ಇತ್ತು, ಅದರ ತುಂಬ ಹಳೆಯ ದಿನಪತ್ರಿಕೆಗಳು. ಗುಳಿಗೆಯ ಪೊಟ್ಟಣಕ್ಕೆ ಆ ಪತ್ರಿಕೆಗಳೇ ಬೇಕಾಗುತ್ತಿದ್ದುದರಿಂದ ಬೇಸಿನ್ ಉಪಯೋಗದಲ್ಲಿಲ್ಲ ಎಂದು ಯಾರೂ ದೂರುವಂತಿರಲಿಲ್ಲ. ಥರ್ಮಾಮೀಟರು ಒಂದು ಗಾಜಿನ ಲೋಟದ ನೀರಿನಲ್ಲಿ ನಿಂತಿರುತ್ತಿತ್ತು. ಆ ನೀರು ಎಂದು ತುಂಬಿದ್ದೆಂದು ಪಕ್ಕದ ಗೋದಾವರಿಯನ್ನೇ ಕೇಳಬೇಕು. ಕೋವಿಡ್ ಕಾಲದಲ್ಲಿ ತಂದಿಟ್ಟ ಸ್ಯಾನಿಟೈಸರ್ ಬಾಟಲಿ ಮೇಜಿನ ಮೇಲೆ ಹಾಗೇ ಇತ್ತು. ಯಾರೂ ಮುಟ್ಟದೆ ಇದ್ದುದರಿಂದ ಆ ಕೋಣೆಯಲ್ಲಿ ಅತ್ಯಂತ ಶುದ್ಧವಾದ ವಸ್ತು ಅದೇ. ಮೂಲೆಯ ಚಿಕ್ಕ ಫ್ರಿಜ್ಜಿನಲ್ಲಿ ಇಂಜೆಕ್ಷನ್ ಬಾಟಲಿಗಳ ಪಕ್ಕ ಹಸಿಮೆಣಸಿನಕಾಯಿ, ಕೊತ್ತಂಬರಿ ಕಟ್ಟು. ಒಮ್ಮೆ ನಾನು ಅದನ್ನೇ ದಿಟ್ಟಿಸುತ್ತಿದ್ದುದನ್ನು ನೋಡಿ ಡಾಕ್ಟರು, "ತಾಜಾ ಐತಿ ತಂಗಿ, ಬೇಕೇನು?" ಎಂದು ಅರ್ಧ ಕಟ್ಟು ತೆಗೆದುಕೊಟ್ಟರು. ಮನೆಗೆ ತಂದೆ. ಸಾರು ಚೆನ್ನಾಗಿತ್ತು.

ಬೆಂಚಿನ ಮೇಲೆ ಬ್ಯಾಂಕಿನವರು, ಕೇಂದ್ರ ಸರ್ಕಾರಿ ನೌಕರರು ಕೂತಿರುತ್ತಿದ್ದರು. ನೆಲದ ಮೇಲೆ, ಕಟ್ಟಡದ ಕೆಲಸಕ್ಕೆ ಬಂದ ರಾಯಚೂರು, ಯಾದಗಿರಿ ಕಡೆಯವರು, ಮೈಮೇಲಿನ ಸಿಮೆಂಟು ಒರೆಸಿಕೊಳ್ಳುತ್ತ ಕೂತಿರುತ್ತಿದ್ದರು. ಅವರ ಹತ್ತಿರ ಡಾಕ್ಟರು ಫೀಸು ಕೇಳಿದ್ದನ್ನು ನಾನು ಕಂಡಿಲ್ಲ. ಎಲ್ಲರಿಗೂ ಅದೇ ನಗು, ಅದೇ ಡಬ್ಬಿಗಳು, ಅದೇ ಪೊಟ್ಟಣ. ಒಬ್ಬೊಬ್ಬರನ್ನೂ "ಏನ ಉಂಡಿ ಇವತ್ತ?" ಎಂದು ಕೇಳಿಯೇ ನಾಡಿ ಹಿಡಿಯುವರು. ಅವ್ವನಿಗೆ ಕಾಯಿಲೆ ಇಲ್ಲದ ದಿನವೂ ಕಾಯಿಲೆ ಬರುತ್ತಿದ್ದದ್ದು ಈ ಒಂದು ಪ್ರಶ್ನೆಗಾಗಿ ಎಂದು ನನಗೆ ಅನುಮಾನ. ಮನೆಯಲ್ಲಿ ನನ್ನ ಮಗಳಿಗೆ ಅವ್ವನ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ. ನಾನು ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ.

ಗುಳಿಗೆಯ ಹೆಸರು ಕೇಳುವುದು ಅಲ್ಲಿ ಪದ್ಧತಿಯಾಗಿರಲಿಲ್ಲ. ಅವ್ವನ ಕಾಲದ ಹೆಂಗಸರು ಗಂಡನ ಹೆಸರು ಹೇಳದ ಹಾಗೆಯೇ ಡಾಕ್ಟರ ಗುಳಿಗೆಯ ಹೆಸರನ್ನೂ ಬಾಯಿಗೆ ತರುವುದಿಲ್ಲ. ಕೇಳಿದರೆ ನಂಬಿಕೆ ಇಲ್ಲವೆಂದಾಯಿತು, ನಾಳೆ ಬೇರೆ ಡಾಕ್ಟರ ಹತ್ತಿರ ಹೋಗುವ ವಿಚಾರ ಇದೆ ಎಂದಾಯಿತು. ನನಗೂ ಅಲ್ಲಿ ಬಾಯಿಗೆ ಬೀಗ. ಮರಾಠಿಯಲ್ಲಿ ನಾನು ಯಾರೊಂದಿಗೂ ಜಗಳಕ್ಕೆ ನಿಲ್ಲಬಲ್ಲೆ. ಆಟೊದವರು, ಸೊಸೈಟಿಯ ಕಾರ್ಯದರ್ಶಿ, ಬ್ಯಾಂಕಿನ ಕೌಂಟರಿಗೆ ಬಂದು ಮೇಜು ಗುದ್ದುವವರು, ಎಲ್ಲರಿಗೂ ನನ್ನ ಮರಾಠಿಯ ರುಚಿ ಗೊತ್ತು. ಕನ್ನಡದಲ್ಲಿ, ಅದೂ ಊರಿನ ಹಿರಿಯರ ಮುಂದೆ, ನಾನು ಇನ್ನೂ ಸೆರಗು ಹೊದ್ದುಕೊಂಡ ಸೊಸೆ.

ಒಂದು ಬೇಸಿಗೆಯಲ್ಲಿ ಅವ್ವನಿಗೆ ಗಂಟಲು ನೋವು, ಜ್ವರ. ಎಂದಿನಂತೆ ಪೊಟ್ಟಣ ಬಂತು. ನುಂಗಿದ ಸ್ವಲ್ಪ ಹೊತ್ತಿಗೆ ಮೈಮೇಲೆಲ್ಲ ಪಿತ್ತದ ಗಂಧೆ ಎದ್ದು, ತುಟಿ ಊದಿ, ಉಸಿರಿನಲ್ಲಿ ಸೀಟಿ ಶುರುವಾಯಿತು. ಆಟೊದಲ್ಲಿ ಹಾಕಿಕೊಂಡು ಓಡಿದೆ. ಡಾಕ್ಟರು ಒಂದರ ಹಿಂದೊಂದು ಸೂಜಿ ಚುಚ್ಚಿ, ಅವ್ವನ ಕೈ ಹಿಡಿದುಕೊಂಡು, ಆಕೆಯ ಮುಖ ಮತ್ತೆ ಆಕೆಯ ಮುಖದಂತೆ ಆಗುವ ತನಕ ಕದಲದೆ ಕೂತರು. ನಾವು ಕೈಮುಗಿದೆವು. ಬೆಂಕಿ ಹಚ್ಚಿದವರೂ ಅವರೇ ಎನ್ನುವುದು ಆ ಹೊತ್ತಿನಲ್ಲಿ ನಮಗೆ ಹೊಳೆಯಲಿಲ್ಲ.

"ಯಾವ ಗುಳಿಗಿಯಿಂದ ಹಿಂಗಾತ್ರಿ?" ಎಂದು ಹೊರಡುವಾಗ ಹೇಗೋ ಕೇಳಿದೆ.

"ಆ ಗುಲಾಬಿ ಗುಳಿಗಿ ಅವ್ವಾರಿಗೆ ಆಗಿ ಬರೂದಿಲ್ಲ. ಇನ್ನ ಮ್ಯಾಲೆ ಕೊಡೂದಿಲ್ಲ ಬಿಡು."

"ಅದರ ಹೆಸರೇನ್ರಿ?"

"ಹೆಸರ ತಗೊಂಡ ಏನ ಮಾಡ್ತಿ ತಂಗಿ? ನನ್ನ ತಲ್ಯಾಗ ಐತಿ" ಎಂದು ನಕ್ಕರು. ಇನ್ನೂ ಊದಿದ್ದ ಕೈಯಿಂದಲೇ ಅವ್ವ ನನ್ನ ರಟ್ಟೆ ಚಿವುಟಿದಳು. ಮನೆಗೆ ಬಂದು ನನ್ನ ಗಂಡನಿಗೆ ಹೇಳಿದರೆ, "ಅವರ ತಲ್ಯಾಗ ಇದ್ರ ಮುಗೀತಲ್ಲ" ಎಂದು, ಹೊಸದಾಗಿ ತಂದ ಬಲ್ಬಿನ ಮೇಲೆ ತಾರೀಖು ಬರೆಯುವ ಕೆಲಸ ಮುಂದುವರಿಸಿದರು.

ಆಮೇಲೆ ನನಗೆ ವರ್ಗವಾಯಿತು. ಶಾಖೆ ಖುಲ್ದಾಬಾದಿನಲ್ಲಿ, ಮನೆ ಛತ್ರಪತಿ ಸಂಭಾಜಿನಗರದಲ್ಲಿ. ಗಂಡ ಓಝರ್‌ನಲ್ಲೇ ಉಳಿದರು, ಮಗಳು ಓದಿಗೆಂದು ಪುಣೆಗೆ ಹೋದಳು, ಅವ್ವ ನನ್ನ ಜೊತೆ ಬಂದಳು. ಊರಿನ ಹೊಸ ಹೆಸರು ಅವ್ವನ ಬಾಯಲ್ಲಿ ಹೊರಳುವುದಿಲ್ಲ, ಈಗಲೂ ಔರಂಗಾಬಾದ ಎನ್ನುತ್ತಾಳೆ. ಊರು ಯಾವುದಾದರೇನು, ಆಕೆಯ ತಕರಾರು ಒಂದೇ: ಇಲ್ಲಿ ನಮ್ಮ ಕಡೆಯ ಡಾಕ್ಟರಿಲ್ಲ. ಹಾಗಾಗಿ ನನ್ನ ಗಂಡ ಶನಿವಾರ ಬರುವಾಗಲೆಲ್ಲ ಪಂಚವಟಿಯಿಂದ ಪೊಟ್ಟಣಗಳನ್ನು ತರುವುದು ರೂಢಿಯಾಯಿತು. ಮೂಲೆ ಮೂಲೆಯಾಗಿ ಮಡಚಿದ್ದು ಕೆಮ್ಮಿಗೆ, ಚೌಕವಾಗಿ ಮಡಚಿದ್ದು ಮೊಣಕಾಲಿಗೆ, ಉದ್ದಕ್ಕೆ ಮಡಚಿದ್ದು ಹೊಟ್ಟೆಗೆ. ಬಿಸ್ಕಿಟಿನ ಡಬ್ಬಿಯೊಂದರಲ್ಲಿ ಅವ್ವ ಅವನ್ನೆಲ್ಲ ಜೋಡಿಸಿಟ್ಟುಕೊಂಡಳು. ರೋಗಿ ಒಂದೂರಲ್ಲಿ, ಡಾಕ್ಟರು ಇನ್ನೊಂದೂರಲ್ಲಿ, ನಡುವೆ ಔಷಧಿ ಹೊರುವವರು ವಿಮಾನದ ಸ್ಕ್ರೂಗಳಿಗೆ ಜಾತಕ ಕೇಳುವ ಅಧಿಕಾರಿ. ಇದಕ್ಕಿಂತ ಪಕ್ಕಾ ವ್ಯವಸ್ಥೆ ಯಾರಿಗೆ ಸಿಕ್ಕೀತು?

ಎಲ್ಲೋರದ ಕಡೆ ಹೋಗಿ ಬಂದ ದಿನ ಹೊಸ ಚಪ್ಪಲಿ ಕಚ್ಚಿ ಅವ್ವನ ಹಿಮ್ಮಡಿಯ ಹತ್ತಿರ ಗುಳ್ಳೆ ಎದ್ದಿತು. ಅವ್ವನಿಗೆ ಸಕ್ಕರೆ ಕಾಯಿಲೆ ಇದೆ. ಗುಳ್ಳೆ ಒಡೆಯಿತು, ಸುತ್ತ ಕೆಂಪಾಯಿತು. ನನಗೆ ಹೇಳದೆ ಡಬ್ಬಿಯಿಂದ ಯಾವುದೋ ಮಡಿಕೆಯ ಪೊಟ್ಟಣ ಬಿಚ್ಚಿ ನುಂಗಿದ್ದಳು. ನಾನು ಗಮನಿಸುವ ಹೊತ್ತಿಗೆ ಪಾದ ಊದಿ, ಕೆಂಪು ಮೀನಖಂಡದ ತನಕ ಏರಿ, ಮೈ ಸುಡುತ್ತಿತ್ತು. "ಶನಿವಾರ ಬರ್ತಾರಲ್ಲ, ಡಾಕ್ಟರ್ರನ್ನ ಕೇಳಿ ತರ್ತಾರ" ಎಂದಳು. ಅಂದು ಸೋಮವಾರ. ನಾನು ಆಟೊ ಕರೆದೆ.

ಹೊಸ ದವಾಖಾನೆಗೆ ಗಾಜಿನ ಬಾಗಿಲು. ಒಳಗೆ ಕಾಲಿಟ್ಟರೆ ಗೋಡೆಯೇ ಕಾಣದಷ್ಟು ಫಲಕಗಳು: ಕೈ ತೊಳೆಯುವ ವಿಧಾನದ ಚಿತ್ರಗಳು, ರೋಗಿಯ ಹಕ್ಕುಗಳು, ರೋಗಿಯ ಕರ್ತವ್ಯಗಳು, ಬೆಂಕಿ ಬಿದ್ದರೆ ಯಾವ ಕಡೆ ಓಡಬೇಕು. ಕಸಕ್ಕೇ ಬಣ್ಣ ಬಣ್ಣದ ಬುಟ್ಟಿಗಳು, ಯಾವುದರಲ್ಲಿ ಏನು ಹಾಕಬೇಕೆಂದು ಅವುಗಳ ಮೇಲೆ ಮತ್ತೆ ಚಿತ್ರ. ಟೋಕನ್ ಯಂತ್ರ ನನ್ನ ಮೊಬೈಲ್ ನಂಬರು ಕೇಳಿತು, ಕೊಟ್ಟೆ. ಅವ್ವ ನಡುಗುತ್ತ ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಸಂದೇಶ ಬಂತು: ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ? ಸೇವೆ ಇನ್ನೂ ಶುರುವಾಗಿರಲಿಲ್ಲ. ಪಂಚವಟಿಯಲ್ಲಿ ಇಷ್ಟು ಹೊತ್ತಿಗೆ ಊಟದ ವಿಚಾರಣೆಯಾದರೂ ಆಗಿರುತ್ತಿತ್ತು ಎಂದು ನನಗೂ ಅನ್ನಿಸಿತು.

ಡಾಕ್ಟರು ಇನ್ನೂ ಎಳೆಯ ವಯಸ್ಸಿನ ಮರಾಠಿ ಹೆಣ್ಣುಮಗಳು. ನಗಲಿಲ್ಲ, ಊಟ ಕೇಳಲಿಲ್ಲ. ಕೈಗವಸು ಹಾಕಿಕೊಂಡು ಕಾಲನ್ನು ಒತ್ತಿ ನೋಡಿ, ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು, ಪ್ರಶ್ನೆ ಶುರುಮಾಡಿದರು. ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ, ಯಾವ ಗುಳಿಗೆ, ಬಿಪಿ ಇದೆಯೇ, ಮೊದಲು ಆಪರೇಷನ್ ಆಗಿದೆಯೇ. ಅವ್ವ ಕನ್ನಡದಲ್ಲಿ ನನ್ನ ಕಿವಿಗೆ, "ಈಕಿ ಡಾಕ್ಟರೋ, ಪೊಲೀಸೋ?" ಎಂದಳು.

"ಯಾವುದಾದರೂ ಔಷಧಿ ಮೈಗೆ ಆಗದೇ ಇದ್ದದ್ದು ಉಂಟೇ?" ಎಂದು ಡಾಕ್ಟರು ಮರಾಠಿಯಲ್ಲಿ ಕೇಳಿದರು.

ಉಂಟು ಎಂದೆ. ಮುಖ ಊದಿದ್ದು, ಉಸಿರು ಕಟ್ಟಿದ್ದು ಎಲ್ಲ ಹೇಳಿದೆ. ಯಾವ ಔಷಧಿ ಎಂದರು. ನಾನು ಅವ್ವನ ಮುಖ ನೋಡಿದೆ. ಅವ್ವ, ಇಷ್ಟು ಹೊತ್ತಿಗೆ ಒಂದು ಸುಲಭದ ಪ್ರಶ್ನೆ ಬಂತಲ್ಲ ಎನ್ನುವ ಧೈರ್ಯದಿಂದ, ನೇರವಾಗಿ ಡಾಕ್ಟರಿಗೇ ಹೇಳಿದಳು.

"ಗುಲಾಬಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಗುಲಾಬಿ ಬಣ್ಣದ ಗುಳಿಗೆಗಳು ನನ್ನ ಕಪಾಟಿನಲ್ಲೇ ಬೇಕಾದಷ್ಟಿವೆ" ಎಂದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಗಡಿಬಿಡಿ ಮಾಡದೆ ಬಿಡಿಸಿ ಹೇಳಿದರು. ಕಾಲಿನ ನಂಜು ಮೇಲಕ್ಕೆ ಹೋಗುತ್ತಿದೆ. ಔಷಧಿ ಈ ದಿನವೇ ಶುರುವಾಗಬೇಕು. ಇದಕ್ಕೆ ಎಲ್ಲಕ್ಕಿಂತ ಒಳ್ಳೆಯದು ಯಾವುದೋ, ಅಂದು ಉಸಿರು ಕಟ್ಟಿಸಿದ್ದೂ ಅದೇ ಇರಬಹುದು. ಇನ್ನೊಮ್ಮೆ ಅದೇ ಹೋದರೆ ಈ ಸಲ ಸೂಜಿ ಚುಚ್ಚುವಷ್ಟು ಪುರುಸೊತ್ತು ಕೊಡಲಿಕ್ಕಿಲ್ಲ. "ಆ ಹೆಸರು ಹೇಗಾದರೂ ತಿಳಿದುಕೊಳ್ಳಿ" ಎಂದರು.

ನಾನು ಹೆದರಿದೆ. ಆದರೂ ಒಂದು ಸಮಾಧಾನವಿತ್ತು. ಹೆಸರು ಇದೆ, ಪಂಚವಟಿಯಲ್ಲಿ ಒಬ್ಬರ ತಲೆಯಲ್ಲಿದೆ. ಫೋನ್ ಮಾಡಿದೆ. ಡಾಕ್ಟರು ಎಂದಿನ ಸಡಗರದಲ್ಲೇ ಎತ್ತಿದರು.

"ಏನ ತಂಗಿ, ಅವ್ವಾರ ಆರಾಮ ಅದಾರಿಲ್ಲ?"

"ಆರಾಮ ಇಲ್ರಿ, ಕಾಲಿಗೆ ನಂಜಾಗೇತಿ. ಇಲ್ಲಿ ಡಾಕ್ಟರು ಆ ಗುಲಾಬಿ ಗುಳಿಗಿ ಹೆಸರ ಕೇಳಾಕತ್ತಾರ."

"ಗುಲಾಬಿ ಗುಳಿಗಿ ಕೊಡಬ್ಯಾಡ್ರಿ ಅಂತ ಹೇಳು."

"ಹೆಸರ ಬೇಕಂತ್ರೀ."

"ಅವರಿಗೆ ತಿಳಿಯೂದಿಲ್ಲ ಬಿಡು. ನೀ ಅವ್ವಾರನ್ನ ಒಂದ ಗಾಡಿ ಮಾಡಿಕೊಂಡ ಇಲ್ಲೇ ಕರಕೊಂಡ ಬಾ. ನಾ ನೋಡಿಕೋತೀನಿ. ಮಂದಿ ಭಾಳ ಕುಂತಾರ, ಆಮ್ಯಾಲೆ ಮಾತಾಡೂಣಲ್ಲ?" ಎಂದು ಇಟ್ಟುಬಿಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ. ನಡೆದದ್ದು ಕೇಳಿ ಅವ್ವ ಹಾಸಿಗೆಯಿಂದ ಕಾಲು ಇಳಿಸತೊಡಗಿದಳು, "ನಡಿ, ಹೋಗೂಣು" ಎಂದು. ನಾಸಿಕ ಅಂದರೆ ಇಲ್ಲಿಂದ ಅರ್ಧ ದಿನದ ದಾರಿ.

ಗಂಡನಿಗೆ ಫೋನ್ ಮಾಡಿದೆ. ಓಝರ್‌ನಿಂದ ಪಂಚವಟಿ ದೂರವಿಲ್ಲ. ಅರ್ಧ ದಿನದ ರಜೆ ಹಾಕಿ ಹೊರಟರು. ಎಷ್ಟು ಹೊತ್ತಾದರೂ ಅವರಿಂದ ಸುದ್ದಿ ಇಲ್ಲ. ಡಾಕ್ಟರು ಎಳೆದ ಪೆನ್ನಿನ ಗೆರೆಯನ್ನು ಕೆಂಪು ದಾಟಿತ್ತು. ಕಾರಿಡಾರಿಗೆ ಬಂದು ಮತ್ತೆ ಫೋನ್ ಹಚ್ಚಿದೆ.

"ಎಲ್ಲಿ ಅದೀರಿ?"

"ದವಾಖಾನ್ಯಾಗ. ನನ್ನ ನಂಬರ ಬರಾಕತ್ತೈತಿ. ಮುಂದ ಸ್ವಲ್ಪ ಮಂದಿ ಅದಾರ."

"ಒಳಗ ಹೋಗ್ರಿ!"

"ಹಂಗ ನಡುವ ಹೆಂಗ ನುಗ್ಗೂದು? ಏನ ತಿಳಕೋತಾರ?"

ಆ ಕಾರಿಡಾರಿನಲ್ಲಿ 'ಶಾಂತತೆ ಕಾಪಾಡಿ' ಎಂಬ ಫಲಕದ ಕೆಳಗೆ ನಿಂತು ನಾನು ನನ್ನ ಗಂಡನಿಗೆ ಮರಾಠಿಯಲ್ಲಿ ಏನೇನು ಹೇಳಿದೆನೋ, ಅದನ್ನು ಇಲ್ಲಿ ಬರೆಯುವುದಿಲ್ಲ. ಅವರು ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ಅವರದೇ ಫೋನ್ ಬಂತು. ಕಾರ್ಖಾನೆಯಲ್ಲಿ ಇಡೀ ಒಂದು ಬ್ಯಾಚನ್ನು ವಾಪಸ್ ಕಳಿಸಿದ ದಿನ ಮನೆಗೆ ಬಂದು ಮಾತಾಡುವ ದನಿ ಅವರದು.

"ಅವರಿಗೂ ಗೊತ್ತಿಲ್ಲ" ಎಂದರು.

ನಡೆದದ್ದು ಇಷ್ಟು. ಡಾಕ್ಟರು ಗುಲಾಬಿ ಗುಳಿಗೆಯ ಡಬ್ಬಿಯನ್ನು ಕೆಳಗಿಳಿಸಿದರು. ಒಳಗೆ ಹಳದಿ ಗುಳಿಗೆಗಳು. ಮೊದಲು ಗುಲಾಬಿ ಬರುತ್ತಿದ್ದವು, ಈಗ ಹಳದಿ ಬರುತ್ತವೆ ಎಂದರು. ಅದೇ ಔಷಧಿಯೇನ್ರಿ ಎಂದು ಇವರು ಕೇಳಿದರೆ, ಅದೇ ಇರಬೇಕು ಎಂದರು. ಸಗಟು ಅಂಗಡಿಯವನು ಆಯಾ ಸಲ ಏನು ಕೊಟ್ಟನೋ ಅದನ್ನು ಡಬ್ಬಿಗೆ ಸುರಿದುಕೊಳ್ಳುವುದು, ಇದು ಗಂಟಲಿಗೆ, ಇದು ನೋವಿಗೆ ಎಂದು ನೆನಪಿಟ್ಟುಕೊಳ್ಳುವುದು, ಇಷ್ಟೇ ಪದ್ಧತಿ. ಅಂದು ಅವ್ವನ ಪೊಟ್ಟಣದಲ್ಲಿ ಮೂರು ಥರದ ಗುಳಿಗೆಗಳಿದ್ದವು. ಅವುಗಳಲ್ಲಿ ಗುಲಾಬಿಯದೇ ತಪ್ಪು ಎನ್ನುವುದು ಕೂಡ ಡಾಕ್ಟರ ಅಂದಾಜು. ನನ್ನ ಗಂಡ ಜೀವಮಾನದಲ್ಲಿ ಮೊದಲ ಸಲ ಆ ಕೋಣೆಯಲ್ಲಿ ಒಂದೊಂದೇ ಡಬ್ಬಿ ತೆರೆದು, ಇದೇನು, ಇದೇನು ಎಂದು ಕೇಳಿದರಂತೆ. ನಾವು ಇಷ್ಟು ವರ್ಷ ನುಂಗಿದ್ದು ಬಣ್ಣಗಳನ್ನು. ಡಾಕ್ಟರ ತಲೆಯಲ್ಲಿದ್ದದ್ದೂ ಅದೇ ಗುಲಾಬಿ, ಅವ್ವನ ತಲೆಯಲ್ಲಿದ್ದದ್ದೂ ಅದೇ.

ನನಗೆ ಸಿಟ್ಟು ಬರಲಿಲ್ಲ. ಹೆದರಿಕೆಯಾಯಿತು. ಮರಾಠಿ ಡಾಕ್ಟರಿಗೆ ಹೇಳಿದಾಗ ಅವರು ನರ್ಸನ್ನು ಕರೆದು ಹಾಸಿಗೆ ಸಿದ್ಧಮಾಡಲು ಹೇಳಿದರು. ಬೈದಿದ್ದರೆ ಎಷ್ಟೋ ಮೇಲಿತ್ತು.

ಅವ್ವನನ್ನು ಮೇಲಿನ ಮಹಡಿಯಲ್ಲಿ ಮಲಗಿಸಿದರು. ಕೈಗೆ ಕೆಂಪು ಪಟ್ಟಿ ಕಟ್ಟಿದರು. ಔಷಧಿ ಆಗದವರಿಗೆ ಹಾಗೆ ಪಟ್ಟಿ ಕಟ್ಟಿ ಅದರ ಮೇಲೆ ಆ ಔಷಧಿಯ ಹೆಸರು ಬರೆಯುವುದು ಅಲ್ಲಿಯ ನಿಯಮ. ನರ್ಸು ಏನು ಬರೆಯಲಿ ಎಂದು ಕೇಳಿ, ಕೊನೆಗೆ 'ಹೆಸರು ಗೊತ್ತಿಲ್ಲ' ಎಂದೇ ಬರೆದಳು. ಡಾಕ್ಟರು ಅನುಮಾನಕ್ಕೆ ಎಲ್ಲಕ್ಕಿಂತ ದೂರವಿರುವ ಒಂದು ಔಷಧಿಯನ್ನು ಆರಿಸಿದರು. ಅದೇ ಆಗದಿದ್ದರೆ ಎಂದು ಉಸಿರು ಉಳಿಸುವ ಇಂಜೆಕ್ಷನ್ ಅನ್ನು ತುಂಬಿ ಟ್ರೇಯಲ್ಲಿ ಇಟ್ಟುಕೊಂಡು ಹಾಸಿಗೆಯ ಪಕ್ಕವೇ ನಿಂತರು. ನಾಳದೊಳಗೆ ಹನಿ ಇಳಿಯತೊಡಗಿತು. ಅವರು ಅವ್ವನ ತುಟಿಯನ್ನೇ ನೋಡುತ್ತಿದ್ದರು, ನಾನು ಅವರ ಮುಖವನ್ನು. ಆ ಫಲಕಗಳನ್ನೂ ಬುಟ್ಟಿಗಳನ್ನೂ ಆಡಿಕೊಂಡಿದ್ದೆನಲ್ಲ, ಆಗ ಅವುಗಳ ಮುಂದೆಲ್ಲ ಅಡ್ಡಬೀಳಲು ಸಿದ್ಧಳಾಗಿದ್ದೆ. ಅವ್ವ ಸತ್ತರೆ ಒಂದು ಬಣ್ಣದಿಂದ ಸತ್ತಳೆಂದು ಊರಿನವರಿಗೆ ಹೇಗೆ ಹೇಳುವುದು ಎಂದೂ ಯೋಚಿಸಿದೆ. ಅಂಥ ಹೊತ್ತಿನಲ್ಲಿ ಮನುಷ್ಯರಿಗೆ ಏನೇನೋ ಹೊಳೆಯುತ್ತದೆ.

ಏನೂ ಆಗಲಿಲ್ಲ. ತುಟಿ ಊದಲಿಲ್ಲ, ಉಸಿರು ಸಲೀಸಾಗಿತ್ತು. ಡಾಕ್ಟರು ಟ್ರೇ ಎತ್ತಿಕೊಂಡು, ಹೊರಡುವ ಮುನ್ನ ಅವ್ವನ ಹಣೆ ಸವರಿ, "ಆಜಿ, ಝೋಪಾ ಆತಾ" ಎಂದರು. ಮಲಗು ಎಂದದ್ದು ಅವ್ವನಿಗೂ ತಿಳಿಯಿತು. ನಾನು ಗೋಡೆಯ ಕಡೆ ತಿರುಗಿ ಅತ್ತೆ. "ಯಾಕ ಅಳಾಕತ್ತಿ? ಇಲ್ಲಿ ಚಾ ಸಿಗತೈತೇನ ಕೇಳು" ಎಂದಳು ಅವ್ವ.

ಎರಡು ದಿನದಲ್ಲಿ ಕಾಲಿನ ಕೆಂಪು, ಪೆನ್ನಿನ ಗೆರೆಯ ಕೆಳಗೆ ಇಳಿಯಿತು. ಆ ಮಧ್ಯಾಹ್ನ ಪಂಚವಟಿಯ ಡಾಕ್ಟರೇ ಬಂದರು. ದವಾಖಾನೆ ಮುಚ್ಚಿ, ಬಸ್ಸಿನಲ್ಲಿ ಕೂತು, ದ್ರಾಕ್ಷಿಯ ಪೆಟ್ಟಿಗೆ ಹೊತ್ತುಕೊಂಡು ಬಂದಿದ್ದರು. ಬಾಗಿಲಲ್ಲಿ ನರ್ಸು ಅವರನ್ನು ತಡೆದು ಸ್ಯಾನಿಟೈಸರ್ ಒತ್ತಿದಾಗ ತೀರ್ಥಕ್ಕೆ ಒಡ್ಡುವ ಹಾಗೆ ಬೊಗಸೆ ಒಡ್ಡಿದರು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ನಾನು ಎದ್ದು ನಿಂತು ಮರಾಠಿಯಲ್ಲೇ ಶುರುಮಾಡಿದೆ. "ಡಾಕ್ಟರ್, ತುಮ್ಹಾಲಾ ಲಾಜ್ ವಾಟತ್ ನಾಹೀ ಕಾ?" ನಾಚಿಕೆಯಾಗುವುದಿಲ್ಲವೇ ಎಂದೆ. ಹೆಸರು ಗೊತ್ತಿಲ್ಲದ ಔಷಧಿಯನ್ನು ಜನರ ಬಾಯಿಗೆ ಹಾಕುವುದಕ್ಕೆ ಡಾಕ್ಟರೇ ಯಾಕೆ ಬೇಕು ಎಂದೆ, ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ನಕ್ಕಿರಲ್ಲ ಎಂದೆ. ಪಕ್ಕದ ಹಾಸಿಗೆಯವರು ಎದ್ದು ಕೂತರು. ಡಾಕ್ಟರು ತಲೆ ತಗ್ಗಿಸಿ ಕೇಳಿಸಿಕೊಂಡರು.

ಎದುರು ಮಾತಾಡಿದ್ದು ಅವ್ವ. "ಸಾಕು ಮಾಡು. ನನಗ ಎಲ್ಲಾ ತಿಳಿತೈತಿ. ಹೆಸರ ಹೇಳಲಿಲ್ಲ, ಖರೆ. ಆದ್ರ ನಾಸಿಕದಾಗ ದಿನಾ ನನ್ನ 'ಏನ ಉಂಡ್ರಿ ಅವ್ವಾರ' ಅಂತ ಕೇಳಾವ್ರು ಇವರೊಬ್ಬರ ಇದ್ರು. ಕುಂದರ್ರಿ ಡಾಕ್ಟರ್ರ."

ಅವರು ಸ್ಟೂಲಿನ ತುದಿಯಲ್ಲಿ ಕೂತರು. ನಾಡಿ ನೋಡಲೆಂದು ಅಭ್ಯಾಸಬಲದಿಂದ ಅವ್ವನ ಕೈ ಹಿಡಿದವರಿಗೆ ಕೆಂಪು ಪಟ್ಟಿ ಸಿಕ್ಕಿತು. ಅದನ್ನು ತಿರುಗಿಸಿ ಓದಿದರು. ಬಹಳ ಹೊತ್ತು ಓದಿದರು. ಅಲ್ಲಿ ಇದ್ದದ್ದು ಎರಡೇ ಶಬ್ದ.

"ಬಸ್ಸಿನಾಗ ಕುಂತ ನೆನಪ ಮಾಡಿಕೊಂಡ್ನಿ ತಂಗಿ" ಎಂದರು, ನನ್ನ ಕಡೆ ನೋಡದೆ. "ಈ ಗುಳಿಗಿ ನಿನಗ ಆಗಿ ಬರೂದಿಲ್ಲ ಅಂತ ನಾ ಇನ್ನ ಯಾರ್ಯಾರಿಗೆ ಹೇಳೀನಿ ಅಂತ. ರಾಯಚೂರ ಕಡೆ ಒಬ್ಬ ಗೌಂಡಿ ಇದ್ದ. ಯಾದಗಿರಿದೊಂದು ಹೆಣ್ಣಮಗಳು, ಬಸರಿ ಇದ್ಲು, ಮೈಯೆಲ್ಲಾ ಬಾತಿತ್ತು. ಒಂದ ಸಣ್ಣ ಕೂಸೂ ಇತ್ತು. ಎಲ್ಲಾರಿಗೂ ಗುಲಾಬಿ, ಬಿಳಿ ಅಂತನ ಹೇಳಿ ಕಳಿಸೀನಿ. ಕೆಲಸ ಮುಗದ ಮ್ಯಾಲೆ ಅವರೆಲ್ಲಾ ಎಲ್ಲಿ ಹೋದ್ರೋ ಏನೋ. ಪುಣೆ ಅಂತಿದ್ರು, ಸೂರತ ಅಂತಿದ್ರು. ಅಲ್ಲಿ ಡಾಕ್ಟರು ಕೇಳಿದ್ರ ಏನ ಹೇಳ್ತಾರ ಅವರು?"

ನನ್ನ ಹತ್ತಿರ ಇನ್ನೂ ಬೇಕಾದಷ್ಟು ಮರಾಠಿ ಉಳಿದಿತ್ತು. ಅದು ಬಾಯಿಗೆ ಬರಲಿಲ್ಲ. ಇಲ್ಲಿ ಅವ್ವನ ಪರವಾಗಿ ಫೋನ್ ಹಚ್ಚುವ ಮಗಳಿದ್ದಳು, ಓಡಿ ಹೋಗಿ ಡಬ್ಬಿ ತೆರೆಸುವ ಅಳಿಯನಿದ್ದ. ಹಾಗಿದ್ದೂ ಅಷ್ಟು ಕಷ್ಟವಾಯಿತು.

"ಅವರ ಫೋನ್ ನಂಬರ ಅದಾವೇನ್ರಿ?" ಎಂದೆ, ಕನ್ನಡದಲ್ಲಿ.

ಅವರು ಇಲ್ಲವೆಂದು ತಲೆಯಾಡಿಸಿದರು. "ನಂಬರ ಎಲ್ಲಿಂದ ಬರಬೇಕು ತಂಗಿ, ಹೆಸರ ಗೊತ್ತಿಲ್ಲ. ನಾ ಎಲ್ಲಾರಿಗೂ ತಮ್ಮಾ, ತಂಗಿ ಅಂತಿದ್ನಿ."

ಅವರು ಇಷ್ಟು ವರ್ಷ ನನ್ನನ್ನೂ ತಂಗಿ ಎಂದೇ ಕರೆದಿದ್ದರು. ನನ್ನ ಹೆಸರು ಅವರಿಗೆ ಗೊತ್ತಿದೆಯೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.